ಕೂಡಿ ನಗುವವರ ಆರೋಗ್ಯ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮೇ ತಿಂಗಳ ಮೊದಲ ಭಾನುವಾರ ವಿಶ್ವ ನಗು ದಿನ. ಅದರ ನೆಪದಲ್ಲಿ ನಗು ಮತ್ತು ಆರೋಗ್ಯದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಅನೇಕವು ನಗುವಿನಿಂದ ಆರಂಭವಾಗಿ ಒಂಟಿತನದಲ್ಲಿ ಮುಗಿದಿದ್ದವು. ಆರು ಪತ್ರಗಳನ್ನು ಆರಿಸಿ, ಹೆಸರುಗಳನ್ನು ಕೈಬಿಟ್ಟು ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 68 ವರ್ಷ, ನಿವೃತ್ತ ಶಿಕ್ಷಕ. ಪತ್ನಿ ತೀರಿಕೊಂಡು ಮೂರು ವರ್ಷವಾಯಿತು, ಮಗ ಬೆಂಗಳೂರಿನಲ್ಲಿದ್ದಾನೆ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಮೊಬೈಲಿನಲ್ಲಿ ಹಾಸ್ಯ ಭಾಷಣಗಳನ್ನು ನೋಡುತ್ತೇನೆ. ನಗು ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾರೆ. ಒಬ್ಬನೇ ಕುಳಿತು ನಕ್ಕರೂ ಅದೇ ಫಲ ಸಿಗುವುದೇ? (ಸಾಗರದ ಓದುಗರು)

ಉತ್ತರ: ಮೊದಲು ನೀವೇ ಒಂದು ಲೆಕ್ಕ ಮಾಡಿ ನೋಡಬೇಕು. ಆ ಒಂದು ಗಂಟೆಯಲ್ಲಿ ನೀವು ಸದ್ದು ಬರುವಂತೆ ನಗುವುದು ಎಷ್ಟು ಸಲ? ಒಬ್ಬರೇ ಇದ್ದಾಗ ನಾವು ಬಹುಮಟ್ಟಿಗೆ ತುಟಿಯಂಚಿನಲ್ಲಿ ನಕ್ಕು, ‘ಚೆನ್ನಾಗಿ ಹೇಳಿದ’ ಎಂದುಕೊಂಡು ಮುಂದಿನದಕ್ಕೆ ಹೋಗುತ್ತೇವೆ. ಅದೇ ಮಾತನ್ನು ನಾಲ್ವರ ನಡುವೆ ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಮೆರಿಕದ ಮೇರಿಲ್ಯಾಂಡಿನಲ್ಲಿ ನಗುವನ್ನೇ ದಶಕಗಳ ಕಾಲ ಅಭ್ಯಾಸ ಮಾಡಿದ ರಾಬರ್ಟ್ ಪ್ರೊವೈನ್ ಎಂಬ ನರವಿಜ್ಞಾನಿ ತಮ್ಮ ವಿದ್ಯಾರ್ಥಿಗಳಿಂದ ನಗುವಿನ ದಿನಚರಿ ಬರೆಸಿದರು. ಟಿ.ವಿ., ಪುಸ್ತಕಗಳ ಒತ್ತಾಸೆ ಇಲ್ಲದಿದ್ದಾಗ ಮನುಷ್ಯ ಒಂಟಿಯಾಗಿ ನಗುವುದಕ್ಕಿಂತ ಜನರ ನಡುವೆ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂದು ಅದರಿಂದ ತಿಳಿಯಿತು. ಅಂಗಡಿ, ಬೀದಿ, ಕಾಲೇಜುಗಳಲ್ಲಿ ಜನ ಮಾತನಾಡಿಕೊಂಡು ನಗುವುದನ್ನು ಅವರು ಕದ್ದು ಕೇಳಿ ಬರೆದುಕೊಂಡಾಗ ಇನ್ನೂ ವಿಚಿತ್ರವಾದ ಸಂಗತಿ ಹೊರಬಿತ್ತು. ನಗುವಿಗೆ ಮುಂಚೆ ಬಂದ ಮಾತುಗಳಲ್ಲಿ ನಿಜವಾಗಿ ಹಾಸ್ಯವಿದ್ದದ್ದು ನೂರಕ್ಕೆ ಹತ್ತಿಪ್ಪತ್ತರಲ್ಲಿ ಮಾತ್ರ. ಉಳಿದವೆಲ್ಲ ‘ಹಾಗಾದರೆ ನಾನಿನ್ನು ಬರಲೇ?’, ‘ಓಹೋ, ಈಗ ಬಂದಿರಾ!’ ಎಂಬ ಜಾತಿಯವು. ನಮ್ಮ ಕಡೆ ಜಗುಲಿಯ ಮೇಲೆ ಕುಳಿತ ಮುದುಕರು ಒಬ್ಬರನ್ನೊಬ್ಬರು ‘ಏನು, ಇನ್ನೂ ಇದ್ದೀರಾ?’ ಎಂದು ವಿಚಾರಿಸಿಕೊಂಡು ನಗುವುದನ್ನು ಕಂಡವರಿಗೆ ಇದನ್ನು ಒಪ್ಪಲು ಯಾವ ಸಂಶೋಧನೆಯೂ ಬೇಕಿಲ್ಲ.

ಇನ್ನು ದೇಹದ ಮಾತು. ನಗು ಎಂದರೆ ಉಸಿರನ್ನು ಹೊರಹಾಕುವ ಕ್ರಿಯೆಯನ್ನು ತುಂಡುತುಂಡಾಗಿ ಮಾಡುವುದು. ‘ಹ, ಹ, ಹ’ ಎಂಬುದರ ಒಂದೊಂದು ತುಣುಕೂ ಸೆಕೆಂಡಿನ ಸುಮಾರು ಹದಿನೈದನೆಯ ಒಂದು ಭಾಗದಷ್ಟು ಹೊತ್ತು ಇರುತ್ತದೆ, ಸೆಕೆಂಡಿಗೆ ಐದರಂತೆ ಅವು ಸಾಲಾಗಿ ಬರುತ್ತವೆ. ನಡುವೆ ಉಸಿರೆಳೆದುಕೊಳ್ಳಲು ಪುರುಸೊತ್ತಿಲ್ಲದ ಕಾರಣ ಎದೆಗೂಡಿನ ಮತ್ತು ಹೊಟ್ಟೆಯ ಸ್ನಾಯುಗಳು ದಣಿಯುತ್ತವೆ, ಪಕ್ಕೆ ನೋಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಈ ದಣಿವೇ ಮಿದುಳಿನಲ್ಲಿ ಎಂಡಾರ್ಫಿನ್ ಎಂಬ ನೋವುಶಾಮಕ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ ಎಂಬುದು ಆಕ್ಸ್‌ಫರ್ಡ್‌ನ ಮನೋವಿಜ್ಞಾನಿ ರಾಬಿನ್ ಡನ್ಬರ್ ಅವರ ವಾದ. ಅದನ್ನು ಪರೀಕ್ಷಿಸಲು ಅವರ ತಂಡ ಕೆಲವರಿಗೆ ಹಾಸ್ಯದ ದೃಶ್ಯಗಳನ್ನೂ ಇನ್ನು ಕೆಲವರಿಗೆ ನೀರಸ ಮಾಹಿತಿಚಿತ್ರಗಳನ್ನೂ ತೋರಿಸಿ, ಆಮೇಲೆ ತೋಳಿಗೆ ಮಂಜುಗಡ್ಡೆಯಷ್ಟು ತಣ್ಣಗಿನ ಪಟ್ಟಿ ಸುತ್ತಿಯೋ ರಕ್ತದೊತ್ತಡದ ಪಟ್ಟಿಯನ್ನು ಬಿಗಿಗೊಳಿಸಿಯೋ ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆಂದು ಅಳೆಯಿತು. ಗಟ್ಟಿಯಾಗಿ ನಕ್ಕವರು ಹೆಚ್ಚು ತಡೆದುಕೊಂಡರು. ಮನಸ್ಸಿಗೆ ಹಿತವಾದರೂ ನಗು ಬರಿಸದ ಚಿತ್ರಗಳನ್ನು ನೋಡಿದವರಲ್ಲಿ ಆ ಲಾಭ ಕಾಣಲಿಲ್ಲ. 2017ರಲ್ಲಿ ಫಿನ್ಲೆಂಡಿನ ಟುರ್ಕುವಿನಲ್ಲಿ 12 ಗಂಡಸರು ತಮ್ಮ ಆಪ್ತ ಗೆಳೆಯರೊಂದಿಗೆ ಅರ್ಧ ಗಂಟೆ ಹಾಸ್ಯದೃಶ್ಯ ನೋಡಿ ನಕ್ಕ ಮೇಲೆ ಅವರ ಮಿದುಳನ್ನು ಸ್ಕ್ಯಾನ್ ಮಾಡಲಾಯಿತು. ಅದೇ ಗಂಡಸರು ಅರ್ಧ ಗಂಟೆ ಒಬ್ಬರೇ ಕುಳಿತಿದ್ದ ದಿನಕ್ಕೆ ಹೋಲಿಸಿದರೆ ಎಂಡಾರ್ಫಿನ್ ಎಂಬ ಈ ಸ್ವಾಭಾವಿಕ ಅಫೀಮಿನ ಸ್ರಾವ ಹೆಚ್ಚಿತ್ತು. ಹನ್ನೆರಡು ಜನರ ಪ್ರಯೋಗದ ಮೇಲೆ ದೊಡ್ಡ ಕಟ್ಟಡ ಕಟ್ಟಬಾರದು, ಆದರೆ ಎಲ್ಲ ಬೆರಳುಗಳೂ ತೋರಿಸುತ್ತಿರುವುದು ಒಂದೇ ದಿಕ್ಕನ್ನು.

ಹಾಗೆಂದು ನಿಮ್ಮ ರಾತ್ರಿಯ ಒಂದು ಗಂಟೆಯನ್ನು ಬಿಡಬೇಡಿ. ಅದಕ್ಕೊಂದು ಬಾಲ ಸೇರಿಸಿ. ರಾತ್ರಿ ಕೇಳಿದ ಒಂದು ಪ್ರಸಂಗವನ್ನು ನೆನಪಿಟ್ಟುಕೊಂಡು ಮರುದಿನ ಬೆಳಿಗ್ಗೆ ಹಾಲು ತರುವಾಗಲೋ ಸಂಜೆ ವಾಚನಾಲಯದ ಬೆಂಚಿನ ಮೇಲೋ ಒಬ್ಬರಿಗೆ ಹೇಳಿ. ಮೂವತ್ತು ವರ್ಷ ತರಗತಿಯನ್ನು ಹಿಡಿದಿಟ್ಟವರಿಗೆ ಹೇಳುವ ಕಲೆಯನ್ನು ನಾನು ಕಲಿಸಬೇಕಾಗಿಲ್ಲ. ಹೇಳುವವರು ಕೇಳುವವರಿಗಿಂತ ಹೆಚ್ಚು ನಗುತ್ತಾರೆ ಎಂಬುದನ್ನೂ ಪ್ರೊವೈನ್ ಗಮನಿಸಿದ್ದರು, ಆದ್ದರಿಂದ ಲಾಭದ ದೊಡ್ಡ ಪಾಲು ನಿಮ್ಮದೇ. ದೊಡ್ಡ ಗುಂಪು ಬೇಕೆಂದೂ ಇಲ್ಲ. ಸಹಜವಾಗಿ ಒಟ್ಟಿಗೆ ನಗುವ ಗುಂಪು ಮೂರು ಜನರ ಆಸುಪಾಸಿನದು ಎಂದು ಡನ್ಬರ್ ಅವರ ತಂಡವೇ ಲೆಕ್ಕ ಹಾಕಿದೆ. ಐನೂರು ಜನರ ಮದುವೆ ಮಂಟಪದಲ್ಲಿ ನಗು ಏಳುವುದು ಕುರ್ಚಿಗಳನ್ನು ಎಳೆದುಕೊಂಡು ಕುಳಿತ ಮೂವರು ನಾಲ್ವರ ನಡುವೆಯೇ ಎಂಬುದನ್ನು ನೀವೂ ಕಂಡಿರುತ್ತೀರಿ.

ಪ್ರಶ್ನೆ: ನನ್ನ ಯಜಮಾನರಿಗೆ 61 ವರ್ಷ, ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಆರು ತಿಂಗಳಿಂದ ಉದ್ಯಾನದ ನಗೆಕೂಟಕ್ಕೆ ಹೋಗುತ್ತಿದ್ದಾರೆ. ಅಲ್ಲಿ ಯಾರೋ ಹೇಳಿದ ಮಾತು ಕೇಳಿ ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದಾರೆ. ‘ನಗುವೇ ಮಾತ್ರೆ’ ಎನ್ನುತ್ತಾರೆ. ಇದು ಸರಿಯೇ? (ದಾವಣಗೆರೆಯ ಓದುಗರು)

ಉತ್ತರ: ಸರಿಯಲ್ಲ. ಇಂದಿನಿಂದಲೇ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟಂತೆ ತೆಗೆದುಕೊಳ್ಳಲು ಹೇಳಿ, ಈ ವಾರದೊಳಗೆ ರಕ್ತದೊತ್ತಡ ಪರೀಕ್ಷಿಸಿ, ಮಾತ್ರೆ ತಪ್ಪಿಸಿದ ವಿಷಯವನ್ನು ಅವರ ವೈದ್ಯರಿಗೆ ಮುಚ್ಚಿಡದೆ ತಿಳಿಸಿ. ಬಿ.ಪಿ. ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೂ ಅಪಾಯ, ಬೇಕೆಂದಾಗ ತೆಗೆದುಕೊಂಡರೂ ಅಪಾಯ.

ಆದರೆ ನಗೆಕೂಟವನ್ನು ಬಿಡಿಸಬೇಡಿ. ಮುಂಬಯಿಯ ವೈದ್ಯ ಮದನ್ ಕಟಾರಿಯಾ 1995ರ ಮಾರ್ಚ್‌ನಲ್ಲಿ ಉದ್ಯಾನವೊಂದರಲ್ಲಿ ಐದು ಜನರನ್ನು ಸೇರಿಸಿ ಆರಂಭಿಸಿದ ಪದ್ಧತಿ ಅದು. ಮೊದಲು ಅವರು ನಗೆಹನಿ ಹೇಳಿಯೇ ನಗಿಸುತ್ತಿದ್ದರಂತೆ. ಒಳ್ಳೆಯ ನಗೆಹನಿಗಳು ಬೇಗ ಖಾಲಿಯಾದ ಮೇಲೆ, ಕಾರಣವಿಲ್ಲದೆ ನಗುವ ವ್ಯಾಯಾಮವೇ ಉಳಿಯಿತು. ಕೈಗಳನ್ನೆತ್ತಿ ‘ಹೋ ಹೋ, ಹಾ ಹಾ’ ಎನ್ನುವುದನ್ನು ದೂರದಿಂದ ಕಂಡವರಿಗೆ ಕೃತಕ ಎನಿಸುವುದು ಸಹಜ. ನನಗೂ ಎನಿಸಿತ್ತು. ಒಂದು ಬೆಳಿಗ್ಗೆ ಗೆಳೆಯರ ಒತ್ತಾಯಕ್ಕೆ ಹೋಗಿ ನಿಂತಾಗ, ಮೊದಲ ಎರಡು ನಿಮಿಷ ನಾಚಿಕೆಯಾಯಿತು. ಮೂರನೆಯ ನಿಮಿಷದಲ್ಲಿ ಎದುರಿಗಿದ್ದ ಹಿರಿಯರ ಹಲ್ಲಿನ ಸೆಟ್ಟು ಜಾರಿ ಅವರೇ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನಗತೊಡಗಿದಾಗ, ಅಲ್ಲಿದ್ದ ಯಾರ ನಗುವೂ ವ್ಯಾಯಾಮವಾಗಿ ಉಳಿಯಲಿಲ್ಲ.

ರಕ್ತನಾಳಗಳ ಮೇಲೆ ನಗುವಿನ ಪರಿಣಾಮ ಇದೆ, ಆದರೆ ಅದು ಅಲ್ಪಾವಧಿಯದು. ನಗುವಾಗ ನಾಡಿಬಡಿತವೂ ರಕ್ತದೊತ್ತಡವೂ ಏರುತ್ತವೆ, ನಕ್ಕು ಮುಗಿದ ಮೇಲೆ ಸ್ವಲ್ಪ ಹೊತ್ತು ಇಳಿಯುತ್ತವೆ. 2005ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹೃದ್ರೋಗತಜ್ಞ ಮೈಕೆಲ್ ಮಿಲ್ಲರ್ ಅವರ ತಂಡ 20 ಆರೋಗ್ಯವಂತರಿಗೆ ಒಮ್ಮೆ ನಗಿಸುವ, ಇನ್ನೊಮ್ಮೆ ಕಳವಳ ಹುಟ್ಟಿಸುವ ಸಿನಿಮಾ ದೃಶ್ಯಗಳನ್ನು ತೋರಿಸಿ ತೋಳಿನ ರಕ್ತನಾಳ ಹಿಗ್ಗುವುದನ್ನು ಅಳೆಯಿತು. ನಕ್ಕಾಗ ರಕ್ತದ ಹರಿವು ಸರಾಸರಿ ಶೇ 22ರಷ್ಟು ಹೆಚ್ಚಿತು, ಕಳವಳದಲ್ಲಿ ಶೇ 35ರಷ್ಟು ಇಳಿಯಿತು. ಸಕ್ಕರೆ ಕಾಯಿಲೆಗೆ ಸಂಬಂಧಿಸಿದಂತೆ ಜಪಾನಿನಲ್ಲಿ 19 ರೋಗಿಗಳಿಗೆ ಎರಡು ದಿನ ಒಂದೇ ಬಗೆಯ ಊಟ ಕೊಟ್ಟು, ಒಂದು ದಿನ ನೀರಸ ಉಪನ್ಯಾಸವನ್ನೂ ಮತ್ತೊಂದು ದಿನ ಹಾಸ್ಯ ಕಾರ್ಯಕ್ರಮವನ್ನೂ ಕೇಳಿಸಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಊಟದ ಎರಡು ಗಂಟೆಯ ಬಳಿಕ ಸಕ್ಕರೆಯ ಏರಿಕೆ ಉಪನ್ಯಾಸದ ದಿನ ಸುಮಾರು 123 ಮಿಲಿಗ್ರಾಂ ಇದ್ದರೆ ಹಾಸ್ಯದ ದಿನ 77 ಇತ್ತು. ಉಪನ್ಯಾಸಕರಾಗಿದ್ದ ನನ್ನ ಗೆಳೆಯರೊಬ್ಬರು ಇದನ್ನು ಓದಿ ಬಹಳ ಬೇಸರಪಟ್ಟುಕೊಂಡರು. ಚೆನ್ನಾದ ಫಲಿತಾಂಶವೇ, ಆದರೆ ಅದು ಒಂದು ಊಟದ ಲೆಕ್ಕ, ಮೂರು ತಿಂಗಳ ಸರಾಸರಿಯದಲ್ಲ. ನಕ್ಕು ತೂಕ ಇಳಿಸುವ ಮಾತನ್ನಂತೂ ಮರೆತುಬಿಡಿ. ದಿನಕ್ಕೆ ಹತ್ತು ಹದಿನೈದು ನಿಮಿಷ ನಿಜವಾಗಿ ನಕ್ಕರೆ ಕರಗುವುದು 10ರಿಂದ 40 ಕ್ಯಾಲೊರಿ, ಒಂದು ಇಡ್ಲಿಗೂ ಸಾಲದು.

ಕನ್ನಡದಲ್ಲಿ 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಹುಟ್ಟುಹಾಕಿದ ರಾ.ಶಿ. ಅವರು ವೃತ್ತಿಯಿಂದ ವೈದ್ಯರು. ನಗೆಬರಹವೂ ಔಷಧಿ ಚೀಟಿಯೂ ಒಂದೇ ಕೈಯಿಂದ ಹೊರಟರೂ ಒಂದನ್ನು ತೋರಿಸಿದರೆ ಔಷಧಿ ಅಂಗಡಿಯಲ್ಲಿ ಇನ್ನೊಂದು ಸಿಗುವುದಿಲ್ಲ ಎಂದು ನಿಮ್ಮ ಯಜಮಾನರಿಗೆ ಹೇಳಿ. ಕೂಟಕ್ಕೆ ಹೋಗುವ ಮುನ್ನ ಮಾತ್ರೆ ನುಂಗಿ ಹೊರಡುವ ರೂಢಿಯಾದರೆ ಎರಡೂ ತಪ್ಪುವುದಿಲ್ಲ.

ಪ್ರಶ್ನೆ: ನಾನು ಕಲಬುರಗಿ ಕಡೆಯವಳು, ಮದುವೆಯಾಗಿ ಮೈಸೂರಿಗೆ ಬಂದು ಎರಡು ವರ್ಷವಾಯಿತು. ಗಂಡನ ಮನೆಯವರು ನಗುನಗುತ್ತಾ ಇರುವವರು, ಆದರೆ ಆ ನಗುವಿನ ವಸ್ತು ಬಹುಮಟ್ಟಿಗೆ ನನ್ನ ಮಾತು ಮತ್ತು ನನ್ನ ಮೈಕಟ್ಟು. ನಾನು ‘ಹೊಂಟೀನಿ’ ಎಂದರೆ ಇಡೀ ಮನೆ ನಗುತ್ತದೆ. ಬೇಸರಪಟ್ಟರೆ ‘ತಮಾಷೆ ಗೊತ್ತಾಗಲ್ಲ, ನಕ್ಕರೆ ಆರೋಗ್ಯ’ ಎನ್ನುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ, ಆಮೇಲೆ ತಲೆನೋವು ಬರುತ್ತದೆ. (ಮೈಸೂರಿನ ಓದುಗರು)

ಉತ್ತರ: ಅವರು ಹೇಳುವ ಆರೋಗ್ಯ ಅವರದು, ನಿಮ್ಮದಲ್ಲ. ಒಬ್ಬರ ಜೊತೆ ನಗುವುದಕ್ಕೂ ಒಬ್ಬರನ್ನು ನೋಡಿ ನಗುವುದಕ್ಕೂ ಕನ್ನಡದಲ್ಲಿ ಬೇರೆ ಬೇರೆ ಮಾತುಗಳೇ ಇವೆ. ಎರಡನೆಯದಕ್ಕೆ ನಗೆಪಾಟಲು ಎನ್ನುತ್ತೇವೆ. ನಾಲ್ಕು ಜನರ ಮುಂದೆ ತನ್ನನ್ನು ಅಳೆಯುತ್ತಿದ್ದಾರೆ, ಕೀಳಾಗಿ ಕಾಣುತ್ತಿದ್ದಾರೆ ಎಂಬ ಭಾವನೆ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಏರಿಸುವ ಬಲವಾದ ಕಾರಣಗಳಲ್ಲಿ ಒಂದೆಂದು 208 ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ಪ್ರಕಟವಾದ ವಿಮರ್ಶೆಯೊಂದು ತೋರಿಸಿದೆ. ಮೇಲೆ ನಗುತ್ತಾ ಒಳಗೆ ಹಲ್ಲು ಕಚ್ಚಿಕೊಂಡು ಕುಳಿತವರ ದವಡೆ, ಕತ್ತು, ಹಣೆಯ ಸ್ನಾಯುಗಳು ಗಂಟೆಗಟ್ಟಲೆ ಬಿಗಿದೇ ಇರುತ್ತವೆ. ನಿಮ್ಮ ತಲೆನೋವಿಗೆ ಇದು ಕಾರಣವಾಗಿರಬಹುದು. ಆದರೂ ಒಮ್ಮೆ ಕಣ್ಣು ಮತ್ತು ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಿ.

ಬಾಂಧವ್ಯದ ಛೇಡನೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಮ್ಮ ಮದುವೆಗಳಲ್ಲಿ ಬೀಗರನ್ನು ಹೀಯಾಳಿಸುವ ಹಾಡುಗಳಿವೆ, ನಿಮ್ಮ ಸೀಮೆಯಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಹೇಳಿಸಿ ನಗುವ ಸಂಪ್ರದಾಯವಿದೆ. ಆದರೆ ಅವುಗಳಲ್ಲಿ ಒಂದು ಕಟ್ಟಳೆ ಇದೆ: ಹೆಣ್ಣಿನ ಕಡೆಯವರು ಹಾಡಿದರೆ ಗಂಡಿನ ಕಡೆಯವರು ಮರುಹಾಡು ಹಾಡಬಹುದು, ಒಡಪು ಹೇಳಿದವಳು ಎದುರಿಗೆ ಇದ್ದವರಿಂದಲೂ ಒಡಪು ಹೇಳಿಸಬಹುದು. ನಿಮ್ಮ ಮನೆಯಲ್ಲಿ ಮರುಹಾಡಿಗೆ ಎಡೆಯಿದೆಯೇ ಎಂದು ನೋಡಿ. ಅತ್ತೆಯವರ ‘ಬತ್ತೀನಿ, ಓಯ್ತೀನಿ’ಗೆ ನೀವು ನಕ್ಕರೆ ಅವರೂ ನಗುತ್ತಾರಾದರೆ, ಅದು ಸಮಾನರ ಆಟ, ನಿಶ್ಚಿಂತೆಯಿಂದ ಆಡಿ. ಮುಖ ಬಿಗಿದುಕೊಂಡರೆ ಆಟವಲ್ಲವೆಂದು ಎಲ್ಲರಿಗೂ ಗೊತ್ತಾಯಿತು. ಮೈಕಟ್ಟಿನ ಮಾತನ್ನು ಮಾತ್ರ ಆಟಕ್ಕೂ ಸೇರಿಸಬೇಡಿ. ಪತಿಯನ್ನು ಒಬ್ಬರನ್ನೇ ಕೂರಿಸಿಕೊಂಡು, ನಗದೆ, ‘ಇದು ನನಗೆ ನೋವು ಕೊಡುತ್ತದೆ, ಮುಂದಿನ ಸಲ ನೀವೇ ತಡೆಯಬೇಕು’ ಎಂದು ಹೇಳಿ. ಮನೆಯೊಳಗಿನ ಒಬ್ಬರು ನಗುವುದನ್ನು ನಿಲ್ಲಿಸಿದರೆ ಸಾಕು, ಉಳಿದವರ ನಗುವೂ ಬೇಗ ಕುಗ್ಗುತ್ತದೆ. ನಗು ಅಂಟುವ ಹಾಗೆಯೇ ಮೌನವೂ ಅಂಟುತ್ತದೆ.

ಪ್ರಶ್ನೆ: ವಯಸ್ಸು 47, ಎರಡು ಹೆರಿಗೆಯಾಗಿದೆ. ಅಕ್ಕತಂಗಿಯರೆಲ್ಲ ಸೇರಿ ಜೋರಾಗಿ ನಕ್ಕಾಗ ನನಗೆ ತಿಳಿಯದೆಯೇ ಮೂತ್ರ ಸೋರುತ್ತದೆ. ಕಳೆದ ವರ್ಷ ತಂಗಿಯ ಮಗಳ ಸೀಮಂತಕ್ಕೂ ಇದೇ ಭಯದಿಂದ ಹೋಗಲಿಲ್ಲ. (ಹಾಸನ ಜಿಲ್ಲೆಯ ಓದುಗರು)

ಉತ್ತರ: ಈ ಪತ್ರ ಬರೆದ ನಿಮ್ಮ ಧೈರ್ಯವನ್ನು ಮೆಚ್ಚಬೇಕು, ಏಕೆಂದರೆ ಇದನ್ನು ಅನುಭವಿಸುವವರು ಬಹಳ, ಹೇಳಿಕೊಳ್ಳುವವರು ಕಡಿಮೆ. ನಗುವಾಗ, ಕೆಮ್ಮುವಾಗ, ಸೀನುವಾಗ ಹೊಟ್ಟೆಯೊಳಗಿನ ಒತ್ತಡ ಏಕಾಏಕಿ ಏರಿ ಮೂತ್ರಕೋಶವನ್ನು ಅದುಮುತ್ತದೆ. ಅದನ್ನು ಕೆಳಗಿನಿಂದ ತೊಟ್ಟಿಲಿನಂತೆ ಹೊತ್ತಿರುವ ಸ್ನಾಯುಗಳು ಹೆರಿಗೆಯಿಂದಲೂ ವಯಸ್ಸಿನಿಂದಲೂ ಸಡಿಲಗೊಂಡಿದ್ದರೆ ಮೂತ್ರ ಸೋರುತ್ತದೆ.

ಇದಕ್ಕೆ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆಯಲ್ಲ, ವ್ಯಾಯಾಮ. ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದ್ದರಿಂದ ಕೆಗೆಲ್ ವ್ಯಾಯಾಮವೆಂದೇ ಹೆಸರಾಗಿದೆ. ವಾಯು ಹೊರಹೋಗದಂತೆಯೂ ಮೂತ್ರ ನಿಲ್ಲುವಂತೆಯೂ ಒಟ್ಟಿಗೇ ಬಿಗಿಹಿಡಿದರೆ ಯಾವ ಸ್ನಾಯು ಒಳಕ್ಕೆ ಮೇಲಕ್ಕೆ ಸೆಳೆಯುತ್ತದೋ ಅದೇ ನಮಗೆ ಬೇಕಾದದ್ದು. ಹೊಟ್ಟೆ, ತೊಡೆ, ನಿತಂಬಗಳನ್ನು ಬಿಗಿಯಬಾರದು, ಉಸಿರು ಕಟ್ಟಬಾರದು. ಐದಾರು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಬಿಡಿ. ಹೀಗೆ ಒಂದು ಸಲಕ್ಕೆ ಕನಿಷ್ಠ ಎಂಟರಂತೆ ದಿನಕ್ಕೆ ಮೂರು ಹೊತ್ತು ಮಾಡಬೇಕು. ಅನ್ನ ಬೇಯುವಾಗ ಒಲೆಯ ಮುಂದೆ ನಿಂತೇ ಮಾಡಬಹುದು, ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ. ಮೂರು ತಿಂಗಳು ಬಿಡದೆ ಮಾಡಿ, ಅದಕ್ಕೂ ಮುಂಚೆ ಫಲವಿಲ್ಲವೆಂದು ನಿಲ್ಲಿಸಬೇಡಿ. ನಗು ಬರುತ್ತಿದೆ ಎನ್ನುವ ಕ್ಷಣದಲ್ಲೇ ಆ ಸ್ನಾಯುವನ್ನು ಬಿಗಿಯುವ ಅಭ್ಯಾಸವೂ ಆಮೇಲೆ ಬರುತ್ತದೆ. ಉರಿ, ರಕ್ತ, ಜ್ವರ, ಕೆಳಗೆ ಏನೋ ಜಾರಿದಂತಾಗುವುದು ಇವುಗಳಲ್ಲಿ ಯಾವುದಿದ್ದರೂ ಕಾಯದೆ ಸ್ತ್ರೀರೋಗತಜ್ಞರನ್ನು ಕಾಣಿ. ಅಲ್ಲಿಯವರೆಗೆ ಒಂದು ಪ್ಯಾಡ್ ಧರಿಸಿ ಹೋಗಿ, ಸೀಮಂತದ ಮುಂದಿನ ನಾಮಕರಣವನ್ನಾದರೂ ತಪ್ಪಿಸಿಕೊಳ್ಳಬೇಡಿ. ಅಕ್ಕತಂಗಿಯರಿಗೆ ಹೇಳಿಬಿಟ್ಟರೆ ಅವರಲ್ಲಿ ಇನ್ನೊಬ್ಬರಾದರೂ ‘ನನಗೂ ಹಾಗೆಯೇ’ ಎನ್ನುವುದು ಬಹುತೇಕ ಖಂಡಿತ.

ಪ್ರಶ್ನೆ: ಮಗ ಸೊಸೆ ಕೆನಡಾದಲ್ಲಿದ್ದಾರೆ. ಪ್ರತಿ ಭಾನುವಾರ ವಿಡಿಯೊ ಕರೆ ಮಾಡುತ್ತಾರೆ. ಎಲ್ಲ ಮಾತೂ ಆಗುತ್ತದೆ, ಆದರೆ ಮೊದಲಿನಂತೆ ನಗು ಬರುವುದಿಲ್ಲ. ನಮ್ಮ ನಡುವೆ ಪ್ರೀತಿ ಕಡಿಮೆಯಾಗಿದೆಯೇ ಎಂದು ಕೊರಗು. (ಶಿವಮೊಗ್ಗದ ಓದುಗರು)

ಉತ್ತರ: ಪ್ರೀತಿಯ ಮೇಲೆ ಅನುಮಾನ ಪಡುವ ಮೊದಲು ತಂತಿಯ ಮೇಲೆ ಅನುಮಾನ ಪಡಿ. ಬೇರೆ ಬೇರೆ ಖಂಡಗಳ ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಎದುರುಬದುರು ಮಾತಿನಲ್ಲಿ ಒಬ್ಬರು ಮುಗಿಸಿ ಇನ್ನೊಬ್ಬರು ಆರಂಭಿಸುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಮಾತ್ರ. ವಿಡಿಯೊ ಕರೆಯಲ್ಲಿ ಅರ್ಧ ಸೆಕೆಂಡು ತಡವಾದರೂ ನಿಮ್ಮ ನಗು ಅವರ ಮುಂದಿನ ಮಾತಿನ ಮೇಲೆ ಹೋಗಿ ಬೀಳುತ್ತದೆ, ಇಬ್ಬರೂ ತಡೆದು ‘ಹೇಳು, ಹೇಳು’ ಎನ್ನುತ್ತೀರಿ, ಅಷ್ಟರಲ್ಲಿ ನಗು ಸತ್ತಿರುತ್ತದೆ. ಒಮ್ಮೆಗೆ ಒಬ್ಬರ ದನಿಯನ್ನೇ ಮೇಲೆತ್ತುವ ಏರ್ಪಾಡಿದ್ದರಂತೂ ಒಟ್ಟಿಗೆ ನಗುವುದೇ ಕಷ್ಟ.

ವಾರದ ವರದಿ ಒಪ್ಪಿಸುವುದನ್ನು ಕಡಿಮೆ ಮಾಡಿ, ಒಟ್ಟಿಗೆ ಏನಾದರೂ ಮಾಡಿ. ಎರಡೂ ಕಡೆ ಒಂದೇ ದಿನ ಹೋಳಿಗೆ ತಟ್ಟಿ, ಮಗನ ಹೋಳಿಗೆ ಯಾವ ದೇಶದ ಭೂಪಟದಂತಿದೆ ಎಂದು ನೋಡಿ. ಅವನು ಆರನೇ ತರಗತಿಯಲ್ಲಿ ಮಾಡಿದ ಯಾವುದೋ ಫಜೀತಿಯನ್ನು ಸೊಸೆಗೆ ಹೇಳಿ, ಅವಳ ಎದುರಿಗೆ ಅವನೂ ಸಂತೋಷದಿಂದ ಒಪ್ಪುವಂಥದ್ದನ್ನು. ಒಂದು ಸಲ ಮುಖ ಕಾಣಿಸುವುದನ್ನು ಬಿಟ್ಟು ಬರೀ ದನಿಯ ಕರೆಯನ್ನೂ ಮಾಡಿ ನೋಡಿ, ತೆರೆಯ ಮೇಲೆ ತಮ್ಮ ಮುಖವನ್ನೇ ನೋಡಿಕೊಳ್ಳುವ ಕೆಲಸ ತಪ್ಪಿದರೆ ಕಿವಿ ಚುರುಕಾಗುತ್ತದೆ. ಉಳಿದ ಆರು ದಿನದ ನಗುವಿಗೆ ಕೆನಡಾವನ್ನು ಕಾಯಬೇಡಿ. ಜಪಾನಿನ 65 ದಾಟಿದ ಸುಮಾರು 21 ಸಾವಿರ ಹಿರಿಯರ ಸಮೀಕ್ಷೆಯೊಂದರಲ್ಲಿ ದಿನವೂ ನಗುವವರಿಗಿಂತ ಎಂದೂ ನಗದವರಲ್ಲಿ ಪಾರ್ಶ್ವವಾಯು 1.6 ಪಟ್ಟು ಹೆಚ್ಚು ಕಂಡುಬಂತು. ಕಾಯಿಲೆ ಬಂದದ್ದರಿಂದ ನಗು ಹೋಯಿತೋ, ನಗು ಹೋದದ್ದರಿಂದ ಕಾಯಿಲೆ ಬಂತೋ ಎಂಬುದನ್ನು ಅಂಥ ಸಮೀಕ್ಷೆ ಬಿಡಿಸಿ ಹೇಳಲಾರದು. ಆದರೂ ಅದೇ ದೇಶದ ಯಮಗಾಟಾ ಪ್ರಾಂತ್ಯ 2024ರಲ್ಲಿ, ಪ್ರಜೆಗಳು ದಿನಕ್ಕೊಮ್ಮೆ ನಗಬೇಕೆಂದು ಕೋರುವ ನಿಯಮವನ್ನೇ ಹೊರಡಿಸಿ ಪ್ರತಿ ತಿಂಗಳ 8ನೇ ತಾರೀಕನ್ನು ಅದಕ್ಕೆ ಮೀಸಲಿಟ್ಟಿತು. ಸರ್ಕಾರದ ಆದೇಶವನ್ನು ಓದಿಯೇ ಅಂದಿನ ಪಾಲಿನ ನಗು ಮುಗಿದಿರಬಹುದು. ಶಿವಮೊಗ್ಗದಲ್ಲಿ ನಿಮಗೆ ಪಕ್ಕದ ಮನೆಯೊಂದು ಸಾಕು.

ಪ್ರಶ್ನೆ: ಹರ್ನಿಯಾ ಶಸ್ತ್ರಕ್ರಿಯೆಯಾಗಿ ನಾಲ್ಕು ದಿನವಾಗಿದೆ. ನೋಡಲು ಬರುವ ಗೆಳೆಯರು ನಗಿಸುತ್ತಾರೆ, ಹೊಲಿಗೆ ಹಾಕಿದ ಜಾಗ ಎಳೆದಂತಾಗುತ್ತದೆ. ಅವರನ್ನು ಬರಬೇಡಿ ಎನ್ನಬೇಕೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಬೇಡ. ನಗು ಬಂದಾಗ ಮೊಣಕಾಲನ್ನು ಸ್ವಲ್ಪ ಮಡಚಿ, ಒಂದು ದಿಂಬನ್ನು ಗಾಯದ ಜಾಗಕ್ಕೆ ಎರಡೂ ಕೈಗಳಿಂದ ಒತ್ತಿ ಹಿಡಿಯಿರಿ. ಕೆಮ್ಮು, ಸೀನು ಬಂದಾಗಲೂ ಹೀಗೆಯೇ ಮಾಡಿ. ಗಾಯ ಕೆಂಪಾಗಿ ಊದಿದರೆ, ಕೀವು ಅಥವಾ ಜ್ವರ ಕಂಡರೆ, ಆ ಜಾಗದಲ್ಲಿ ಮತ್ತೆ ಉಬ್ಬು ಬಂದರೆ ಶಸ್ತ್ರವೈದ್ಯರಿಗೆ ತಕ್ಷಣ ತೋರಿಸಿ. ಅತಿ ನಗುವಿನಿಂದ ತಲೆಸುತ್ತಿ ಬಿದ್ದವರು, ದವಡೆ ಜಾರಿಸಿಕೊಂಡವರು, ಉಬ್ಬಸ ಕೆರಳಿಸಿಕೊಂಡವರು ವೈದ್ಯಕೀಯ ದಾಖಲೆಗಳಲ್ಲಿ ಇದ್ದಾರಾದರೂ ಅವರು ವಿರಳ. ನಿಮ್ಮ ಗೆಳೆಯರಲ್ಲಿ ಅತಿ ಹೆಚ್ಚು ನಗಿಸುವವರು ಯಾರೆಂದು ನಿಮಗೆ ಗೊತ್ತೇ ಇರುತ್ತದೆ. ಅವರನ್ನು ಮಾತ್ರ ಎರಡನೆಯ ವಾರಕ್ಕೆ ಬರಲು ಹೇಳಿ.